ಕೌನ್ಸಿಲ್ ಮನೇಲಿ ಲಾಡ್ಜರ್: ನಾನು ಕೊಡೋ ಬಾಡಿಗೆಯಿಂದ ಮನೆಯವರ ಬೆನಿಫಿಟ್‌ಗೆ ಏನಾಗುತ್ತೆ? | ನಾಟಿಂಗ್‌ಹ್ಯಾಮ್ ವ್ಲಾಗ್

ನಮಸ್ಕಾರ. ಈ ಮನೆಗಳ ಸಾಲು ನೋಡಿ. ಎರಡೆರಡು ಮನೆಗೆ ನಡುವೆ ಒಂದೇ ಗೋಡೆ, ಮುಂದೆ ಒಂದಿಷ್ಟು ಹುಲ್ಲು, ಹಿಂದೆ ಬಟ್ಟೆ ಒಣಗಿಸೋಷ್ಟು ಜಾಗ. ಇದು ಕ್ಲಿಫ್ಟನ್, ನಾಟಿಂಗ್‌ಹ್ಯಾಮ್‌ನ ದಕ್ಷಿಣದ ತುದಿ. 1950ರ ದಶಕದಲ್ಲಿ ಊರಿನ ಜನಕ್ಕೆ ಬಾಡಿಗೆಗೆ ಕೊಡೋಕೆ ಅಂತ ಕೌನ್ಸಿಲ್, ಅಂದ್ರೆ ಇಲ್ಲಿನ ನಗರಪಾಲಿಕೆ, ಕಟ್ಟಿಸಿದ ದೊಡ್ಡ ಬಡಾವಣೆ. ನಾಟಿಂಗ್‌ಹ್ಯಾಮ್ ಟ್ರೆಂಟ್ ಯೂನಿವರ್ಸಿಟಿಯ ಒಂದು ಕ್ಯಾಂಪಸ್ ಪಕ್ಕದಲ್ಲೇ ಇದೆ. ಹಾಗಾಗಿ ಓದೋಕೆ ಬಂದ ನಮ್ಮಂಥೋರು ಇಲ್ಲಿ ರೂಮ್ ಹುಡುಕ್ತಾ ಇರ್ತೀವಿ.

ನಾನಿರೋದು ಇಂಥದೇ ಒಂದು ಮೂರು ಬೆಡ್‌ರೂಮ್ ಮನೇಲಿ, ಲಾಡ್ಜರ್ ಆಗಿ. ನಮ್ಮ ಕಡೆ ಪಿಜಿ ಅಂತೀವಲ್ಲ, ಹತ್ತಿರಹತ್ತಿರ ಅದೇ. ಆದ್ರೆ ಇಲ್ಲಿ ಮನೆಯವರು ಅದೇ ಅಡುಗೆಮನೇಲಿ ಟೀ ಕುಡೀತಾ ಕೂತಿರ್ತಾರೆ. ನಮ್ಮ ಲ್ಯಾಂಡ್‌ಲೇಡಿ ಓನರ್ ಕೂಡ ಅಲ್ಲ, ಅವರೂ ಬಾಡಿಗೆಯವರೇ. ಒಬ್ಬರೇ ಇದ್ದಾರೆ, ಮಕ್ಕಳು ಮನೆ ಬಿಟ್ಟು ವರ್ಷಗಳಾಗಿವೆ. ಬೆನ್ನು ನೋವು, ಆದ್ರೂ ಒಂದು ಕ್ಯಾಂಟೀನಲ್ಲಿ ದಿನಕ್ಕೆ ಕೆಲವು ಗಂಟೆ ಕೆಲಸ. ಬಾಕಿಗೆ ಯೂನಿವರ್ಸಲ್ ಕ್ರೆಡಿಟ್, ಅಂದ್ರೆ ಸರ್ಕಾರ ತಿಂಗಳಿಗೊಮ್ಮೆ ಕೊಡೋ ನೆರವು. ಮನೆ ಬಾಡಿಗೆಯ ಸಹಾಯವೂ ಅದರಲ್ಲೇ ಸೇರಿ ಬರುತ್ತೆ.

ಇದನ್ನ ಅಮ್ಮನಿಗೆ ಫೋನಲ್ಲಿ ಹೇಳಿದ್ದೇ ತಡ, "ನೀನು ಬಾಡಿಗೆ ಕೊಟ್ರೆ ಅವರಿಗೆ ಬರೋದು ನಿಲ್ಲಲ್ವೇನೋ? ಪಾಪ, ಹೊಟ್ಟೆ ಮೇಲೆ ಹೊಡೆದ ಹಾಗೆ ಆಗ್ಬಾರ್ದು ಕಣಪ್ಪ" ಅಂದ್ರು. ಪ್ರಶ್ನೆ ಸರಿಯಾಗೇ ಇದೆ. ಉತ್ತರ ಮಾತ್ರ ಒಂದೇ ಸಾಲಲ್ಲಿ ಮುಗಿಯಲ್ಲ, ಯಾಕಂದ್ರೆ ಈ ಗೋಡೆಯ ಆಚೆ ಮನೆಗೆ ಒಂದು ಉತ್ತರ, ಈಚೆ ಮನೆಗೆ ಇನ್ನೊಂದು.

ಮೊದಲು ಬೆಡ್‌ರೂಮ್ ಟ್ಯಾಕ್ಸ್. ಹೆಸರು ಟ್ಯಾಕ್ಸ್ ಅಂತಿದ್ರೂ ಇದು ತೆರಿಗೆ ಅಲ್ಲ, ನೆರವಿನಲ್ಲಿ ಮಾಡೋ ಕಡಿತ. 2012ರ ವೆಲ್ಫೇರ್ ರಿಫಾರ್ಮ್ ಕಾಯ್ದೆ ತಂದು, 2013ರ ಏಪ್ರಿಲ್‌ನಿಂದ ಜಾರಿ ಮಾಡಿದ್ರು. ಕೌನ್ಸಿಲ್ ಅಥವಾ ಹೌಸಿಂಗ್ ಅಸೋಸಿಯೇಷನ್ (ಲಾಭದ ಉದ್ದೇಶ ಇಲ್ಲದೆ ಬಾಡಿಗೆಗೆ ಮನೆ ಕೊಡೋ ಸಂಸ್ಥೆ) ಮನೇಲಿರೋ, ಪಿಂಚಣಿ ವಯಸ್ಸಾಗದ ಬಾಡಿಗೆದಾರರಿಗೆ ಒಂದು ಬೆಡ್‌ರೂಮ್ ಹೆಚ್ಚಿದ್ರೆ ಬಾಡಿಗೆಯ ಲೆಕ್ಕದಲ್ಲಿ ನೂರಕ್ಕೆ 14 ಕಡಿತ, ಎರಡೋ ಅದಕ್ಕಿಂತ ಜಾಸ್ತಿಯೋ ಇದ್ರೆ ನೂರಕ್ಕೆ 25. ನಮ್ಮ ಲ್ಯಾಂಡ್‌ಲೇಡಿ ಒಬ್ಬರೇ, ಮನೇಲಿ ಮೂರು ರೂಮು. ನೇರವಾಗಿ ಕಾಲು ಭಾಗಕ್ಕೆ ಕತ್ತರಿ. ಲೆಕ್ಕ ಸುಲಭ ಆಗ್ಲಿ ಅಂತ ಬಾಡಿಗೆ ವಾರಕ್ಕೆ 100 ಪೌಂಡ್ ಅಂತಿಟ್ಕೊಳ್ಳಿ, 25 ಪೌಂಡ್ ಅವರ ಕೈಯಿಂದಲೇ ಹೋಗ್ಬೇಕು. ಆಗ ಸರ್ಕಾರದ ಕಡೆಯವರೇ ಕೊಟ್ಟ ಸಲಹೆಗಳಲ್ಲಿ ಒಂದು ಏನು ಗೊತ್ತಾ? ಖಾಲಿ ರೂಮಿಗೆ ಲಾಡ್ಜರ್ ಇಟ್ಕೊಳ್ಳಿ ಅಂತ. ಸ್ಕಾಟ್ಲೆಂಡಲ್ಲಾದ್ರೆ ಈ ಕಡಿತವನ್ನ ಅಲ್ಲಿನ ಸರ್ಕಾರ ಬೇರೆ ಹಣದಿಂದ ತುಂಬಿಕೊಡುತ್ತೆ. ಇಂಗ್ಲೆಂಡಲ್ಲಿ ಆ ಭಾಗ್ಯ ಇಲ್ಲ.

ಸರಿ, ಲಾಡ್ಜರ್ ಬಂದ. ನಾನೇ ಬಂದೆ. ನಾನು ದಿನಾ ರಾತ್ರಿ ಮಲಗೋ ಆ ರೂಮು ಇನ್ನು ಖಾಲಿ ಅಲ್ಲ ತಾನೇ? ಯೂನಿವರ್ಸಲ್ ಕ್ರೆಡಿಟ್ ಪ್ರಕಾರ ಅದು ಈಗಲೂ ಖಾಲಿಯೇ! ರೂಮುಗಳ ಎಣಿಕೆಗೆ ಲಾಡ್ಜರ್ ಬರೋದೇ ಇಲ್ಲ. ನನ್ನ ಹಾಸಿಗೆ, ಪುಸ್ತಕ, ಬಾಗಿಲ ಹಿಂದೆ ತೂಗಾಡ್ತಿರೋ ಜಾಕೆಟ್ಟು, ಯಾವುದನ್ನೂ ಆ ಲೆಕ್ಕ ನೋಡಲ್ಲ. 25 ಪರ್ಸೆಂಟ್ ಕಡಿತ ಹಾಗೇ ಮುಂದುವರಿಯುತ್ತೆ.

ಆದ್ರೆ ಅದೇ ಯೂನಿವರ್ಸಲ್ ಕ್ರೆಡಿಟ್ ನನ್ನ ಬಾಡಿಗೆ ದುಡ್ಡನ್ನೂ ನೋಡಲ್ಲ. ಲಾಡ್ಜರ್ ಕೊಡೋ ಹಣ ಅವರ ಆದಾಯದ ಪಟ್ಟೀಲಿ ಬರಲ್ಲ. ವಾರಕ್ಕೆ 80 ಪೌಂಡ್ ಕೊಟ್ರೆ ತಿಂಗಳಿಗೆ ಸುಮಾರು 346 ಪೌಂಡ್ ಆಯ್ತು. ಅಷ್ಟೂ ಅವರದೇ. ಇದನ್ನ ಅವರ ಸಂಬಳದ ಪಕ್ಕ ಇಟ್ಟು ನೋಡಿ. ಕ್ಯಾಂಟೀನಲ್ಲಿ ಇನ್ನೊಂದು ಗಂಟೆ ಜಾಸ್ತಿ ನಿಂತು ದುಡಿದ್ರೆ, ಕೈಗೆ ಬಂದ ಪ್ರತಿ ಪೌಂಡಿಗೆ 55 ಪೆನ್ಸ್ ನೆರವಿನಲ್ಲಿ ಕಡಿಮೆ ಆಗುತ್ತೆ. ನಾನು ಕೊಡೋ ಪೌಂಡಲ್ಲಿ ಒಂದು ಪೆನ್ನಿಯೂ ಹೋಗಲ್ಲ. ಬೆನ್ನು ನೋವಲ್ಲಿ ದುಡಿದ ದುಡ್ಡಿಗೆ ಹೊಡೆತ, ರೂಮ್ ಕೊಟ್ಟ ದುಡ್ಡಿಗೆ ವಿನಾಯಿತಿ. ಯಾರ ತಲೇಲಿ ಹೊಳೀತೋ ಗೊತ್ತಿಲ್ಲ, ಆದ್ರೆ ಅವರ ಪಾಲಿಗೆ ಲಾಭವೇ. ಇನ್‌ಕಮ್ ಟ್ಯಾಕ್ಸ್ ಕಡೆಯೂ ಭಯ ಇಲ್ಲ. ರೆಂಟ್ ಎ ರೂಮ್ ಅನ್ನೋ ಯೋಜನೇಲಿ ವರ್ಷಕ್ಕೆ 7,500 ಪೌಂಡ್ ತನಕ ತೆರಿಗೆ ಇಲ್ಲ, ಅದು ಬಾಡಿಗೆದಾರರಿಗೂ ಅನ್ವಯ.

ಈಗ ಗೋಡೆಯ ಆಚೆ ಹೋಗೋಣ. ಪಕ್ಕದ ಮನೆ ಅಜ್ಜಿಗೆ 76. ಅವರ ಮನೇಲೂ ಒಬ್ಬ ಲಾಡ್ಜರ್, ನರ್ಸ್ ಆಗಿ ಕೆಲಸ ಮಾಡೋ ಮಂಗಳೂರಿನ ಹುಡುಗಿ. ಅಜ್ಜಿಗೆ ಬರೋದು ಪೆನ್ಷನ್ ಕ್ರೆಡಿಟ್, ಅಂದ್ರೆ ಆದಾಯ ಕಡಿಮೆ ಇರೋ ಪಿಂಚಣಿ ವಯಸ್ಸಿನೋರಿಗೆ ಕೊಡೋ ನೆರವು, ಬಾಡಿಗೆಗೆ ಹಳೇ ಪದ್ಧತಿಯ ಹೌಸಿಂಗ್ ಬೆನಿಫಿಟ್. ವಯಸ್ಸಾಗಿರೋದ್ರಿಂದ ಬೆಡ್‌ರೂಮ್ ಟ್ಯಾಕ್ಸ್ ಇಲ್ಲ, ಎಷ್ಟು ರೂಮ್ ಖಾಲಿ ಇದ್ರೂ ಕೇಳೋರಿಲ್ಲ. ಆದ್ರೆ ಲಾಡ್ಜರ್ ಕೊಡೋ ದುಡ್ಡು ಮಾತ್ರ ಲೆಕ್ಕಕ್ಕೆ ಬರುತ್ತೆ. ವಾರಕ್ಕೆ ಮೊದಲ 20 ಪೌಂಡ್ ಬಿಟ್ಟು, ಉಳಿದದ್ದು ಆದಾಯ. 80 ಪೌಂಡ್ ಬಾಡಿಗೆ ಆದ್ರೆ 60 ಪೌಂಡ್ ಅಜ್ಜಿಯ ಪೆನ್ಷನ್ ಕ್ರೆಡಿಟ್‌ನಿಂದ ಹೋಯ್ತು. ಮನೇಲಿ ಇನ್ನೊಂದು ಜೀವ, ಅದಕ್ಕೆ ಬಿಸಿನೀರು, ಹೀಟಿಂಗು, ಇಷ್ಟೆಲ್ಲ ಮಾಡಿ ಕೈಲಿ ಉಳಿಯೋದು 20.

ಇಲ್ಲೇ ಅಡುಗೆಮನೆ ಬರೋದು. ಊಟ ಸೇರಿಸಿ ಬಾಡಿಗೆ ತಗೊಂಡ್ರೆ, ಆ 20 ಬಿಟ್ಟ ಮೇಲೆ ಉಳಿದದ್ದರಲ್ಲಿ ಅರ್ಧವನ್ನೂ ಬಿಡ್ತಾರೆ. ಅದೇ 80 ಪೌಂಡಲ್ಲಿ ಲೆಕ್ಕಕ್ಕೆ ಬರೋದು 30 ಮಾತ್ರ, ಅಜ್ಜಿಗೆ ಉಳಿಯೋದು 50. ಮೂರು ಹೊತ್ತೂ ಬಡಿಸ್ಬೇಕು ಅಂತಿಲ್ಲ, ಆದ್ರೆ ಮನೇಲೇ ಮಾಡಿ, ಮನೇಲೇ ತಿನ್ನೋ ಊಟವೋ ತಿಂಡಿಯೋ ಇರ್ಬೇಕು. ಆ ಹುಡುಗಿ ನೈಟ್ ಶಿಫ್ಟ್ ಮುಗಿಸಿ ಬರೋ ಹೊತ್ತಿಗೆ ಅಜ್ಜಿ ಮೊಟ್ಟೆ, ಬೀನ್ಸು, ಟೋಸ್ಟು ರೆಡಿ ಇಟ್ಟಿರ್ತಾರೆ. ಮೊದಮೊದಲು ಆ ಟೊಮೇಟೊ ಸಾಸಲ್ಲಿ ಮುಳುಗಿದ ಸಿಹಿ ಬೀನ್ಸ್ ಗಂಟಲಲ್ಲಿ ಇಳೀತಿರ್ಲಿಲ್ವಂತೆ. ಈಗ ಪಕ್ಕದಲ್ಲಿ ಒಂದು ಚಮಚ ಮಿಡಿ ಉಪ್ಪಿನಕಾಯಿ ಇಟ್ಕೊಂಡು ತಟ್ಟೆ ಖಾಲಿ ಮಾಡ್ತಾಳೆ. ಅಜ್ಜಿ ಉಪ್ಪಿನಕಾಯಿ ಬಾಟಲಿ ಕಡೆ ಒಂಥರಾ ಗೌರವದಿಂದ ನೋಡ್ತಾರೆ, ಮುಟ್ಟಲ್ಲ.

ಇನ್ನೊಂದು ಎಚ್ಚರ. ಲಾಡ್ಜರ್ ದುಡ್ಡಿಂದ ಪೆನ್ಷನ್ ಕ್ರೆಡಿಟ್ ಪೂರ್ತಿ ನಿಂತುಹೋಗೋ ಹಾಗಿದ್ರೆ ಅದರ ಬೆನ್ನಿಗೆ ಬರೋದೂ ಹೋಗುತ್ತೆ. 75 ದಾಟಿದೋರಿಗೆ ಅದರ ಮೇಲೇ ಟಿವಿ ಲೈಸೆನ್ಸ್ (ಇಲ್ಲಿ ಟಿವಿ ನೋಡೋಕೆ ಕಟ್ಟೋ ಶುಲ್ಕ) ಫ್ರೀ. ಬಾಡಿಗೆ ಎಷ್ಟು ಅಂತ ಹೇಳೋ ಮೊದಲೇ ಈ ಲೆಕ್ಕ ಹಾಕಿಸ್ಬೇಕು. ಸಿಟಿಜನ್ಸ್ ಅಡ್ವೈಸ್ ಅನ್ನೋ ಸಲಹಾ ಸಂಸ್ಥೇಲಿ ದುಡ್ಡಿಲ್ಲದೆ ಹಾಕಿಕೊಡ್ತಾರೆ.

ಒಂದು ಕಾಲಕ್ಕೆ ಪಿಂಚಣಿ ವಯಸ್ಸಾಗದೋರೂ ಹೌಸಿಂಗ್ ಬೆನಿಫಿಟ್‌ನಲ್ಲೇ ಇದ್ರು. ಅವರಿಗೆ ಯೂನಿವರ್ಸಲ್ ಕ್ರೆಡಿಟ್‌ನ ಪೂರ್ತಿ ಉಲ್ಟಾ. ಲಾಡ್ಜರ್ ಇರೋ ರೂಮು ಖಾಲಿ ಅಲ್ಲ, ಕಡಿತ ಕಡಿಮೆ ಆಗ್ತಿತ್ತು. ದುಡ್ಡು ಮಾತ್ರ 20 ಪೌಂಡ್ ಆಚೆಗೆ ಆದಾಯ ಅನ್ನಿಸ್ಕೊಳ್ತಿತ್ತು. ಆ ಗುಂಪಿನ ಬಹುತೇಕರನ್ನ ಈಗ ಯೂನಿವರ್ಸಲ್ ಕ್ರೆಡಿಟ್‌ಗೆ ದಾಟಿಸಿದ್ದಾರೆ. ಹಳೇ ಲಾಡ್ಜರ್ ಕೊಟ್ಟ ಸಲಹೆ ನಂಬಿ ಕೂರಬೇಡಿ ಅಂತ ಇದನ್ನ ಹೇಳಿದ್ದು.

ಮಕ್ಕಳು ವಾಪಸ್ ಬಂದ್ರೆ? ಹೊರಗಿನವನಿಗಿಂತ ಹೆತ್ತ ಮಗನೇ ದುಬಾರಿ! ದೊಡ್ಡ ಮಗ ಬಂದು ಒಂದು ರೂಮಲ್ಲಿ ಉಳಿದ್ರೆ ಆ ರೂಮು ಖಾಲಿ ಅಲ್ಲ, ಒಪ್ತಾರೆ. ಆದ್ರೆ 21 ದಾಟಿದ ಮಗ ಮನೆ ಖರ್ಚಿಗೆ ಕೈಜೋಡಿಸ್ತಾನೆ ಅಂತ ಸರ್ಕಾರ ತಾನೇ ಊಹಿಸಿ, ತಿಂಗಳಿಗೆ 90 ಪೌಂಡಿಗೂ ಚೂರು ಜಾಸ್ತಿ ಕಡಿತ ಮಾಡುತ್ತೆ. ಅವನು ಬಿಡಿಗಾಸು ಕೊಡದಿದ್ರೂ ಅಷ್ಟೇ. ಕೆಲವು ಅಂಗವೈಕಲ್ಯ ಭತ್ಯೆ ಪಡೆಯೋರಿಗೆ ಈ ಕಡಿತ ಇಲ್ಲ. ಲಾಡ್ಜರ್ ಆಗಿ ನನ್ನ ಲೆಕ್ಕದಲ್ಲಿ ಇಂಥ ಕಡಿತವೇ ಬರಲ್ಲ.

ಕೌನ್ಸಿಲ್ ಟ್ಯಾಕ್ಸ್, ಅಂದ್ರೆ ಮನೇಲಿ ವಾಸ ಇರೋರು ಕೌನ್ಸಿಲ್‌ಗೆ ಕಟ್ಟೋ ತೆರಿಗೆ, ಆ ವಿಷಯದಲ್ಲಿ ನಮ್ಮಂಥ ಸ್ಟೂಡೆಂಟ್ಸ್‌ಗೆ ಬೆಲೆ ಜಾಸ್ತಿ. ಮನೇಲಿ ಒಬ್ಬರೇ ವಯಸ್ಕರಿದ್ರೆ ನೂರಕ್ಕೆ 25 ರಿಯಾಯಿತಿ. ಫುಲ್ ಟೈಮ್ ವಿದ್ಯಾರ್ಥಿ ಆ ಎಣಿಕೆಗೆ ಸೇರಲ್ಲ, ಹಾಗಾಗಿ ನಾನಿದ್ರೂ ಲ್ಯಾಂಡ್‌ಲೇಡಿ ರಿಯಾಯಿತಿ ಉಳೀತು. ಯೂನಿವರ್ಸಿಟಿ ಕೊಡೋ ಸರ್ಟಿಫಿಕೇಟ್ ಕೊಟ್ರೆ ಸಾಕು. ಕೆಲಸಕ್ಕೆ ಹೋಗೋ ಲಾಡ್ಜರ್ ಬಂದ್ರೆ ಆ ರಿಯಾಯಿತಿ ಹೋಗುತ್ತೆ, ಅದು ಬಾಡಿಗೆ ಮೇಲೆ ಬಂದು ಕೂರುತ್ತೆ.

ನನ್ನ ರೂಮಿನ ಬಾಗಿಲು ನೋಡಿ, ಬೀಗ ಇದೆ. ಇನ್ನೊಂದು ಕೀ ಅಡುಗೆಮನೆ ಡ್ರಾಯರ್‌ನಲ್ಲಿ, ಚಮಚಗಳ ಜೊತೆ. ಲ್ಯಾಂಡ್‌ಲೇಡಿ ಮೊದಲ ದಿನವೇ ಹೇಳಿದ್ರು: "ಬೀಗ ಹಾಕ್ಕೋ ಲವ್, ಆದ್ರೆ ಒಂದು ಕೀ ನನ್ನ ಹತ್ರ ಇರಬೇಕು." ('ಲವ್' ಅಂದ್ರೆ ಇಲ್ಲಿ 'ಮಗು' ಅಂದ ಹಾಗೆ.) ನನಗೆ ಕಸಿವಿಸಿ ಆಯ್ತು, ಆದ್ರೆ ಅದಕ್ಕೆ ಕಾರಣ ಇದೆ. ಕೌನ್ಸಿಲ್‌ನ ಸೆಕ್ಯೂರ್ ಟೆನೆಂಟ್‌ಗೆ, ಅಂದ್ರೆ ಕಾಯಂ ಬಾಡಿಗೆದಾರರಿಗೆ, 1985ರ ಹೌಸಿಂಗ್ ಕಾಯ್ದೆ ಪ್ರಕಾರ ಲಾಡ್ಜರ್ ಇಟ್ಕೊಳ್ಳೋ ಹಕ್ಕಿದೆ, ಒಪ್ಪಿಗೆ ಬೇಕಿಲ್ಲ. ಆದ್ರೆ ಮನೆಯ ಒಂದು ಭಾಗವನ್ನ ಪೂರ್ತಿ ಇನ್ನೊಬ್ಬರ ಸ್ವಾಧೀನಕ್ಕೆ ಬಿಟ್ರೆ ಅದು ಸಬ್‌ಲೆಟ್ (ಒಳಬಾಡಿಗೆ), ಕೌನ್ಸಿಲ್ ಬರಹದಲ್ಲಿ ಒಪ್ಪಬೇಕು. ಅದಕ್ಕೇ ಒಂದು ಕೀ ಅವರ ಹತ್ರ. ಇಡೀ ಮನೆಯನ್ನೇ ಬಾಡಿಗೆಗೆ ಕೊಟ್ಟು ಬೇರೆ ಕಡೆ ಹೋದ್ರೆ ಮನೆಯೂ ಹೋಗಬಹುದು, 2013ರ ಕಾಯ್ದೆಯಲ್ಲಿ ಅಪರಾಧವೂ ಹೌದು. ಹೌಸಿಂಗ್ ಅಸೋಸಿಯೇಷನ್ ಅಥವಾ ಪ್ರೈವೇಟ್ ಬಾಡಿಗೆದಾರರಾದ್ರೆ ಮೊದಲು ಒಪ್ಪಂದದ ಪತ್ರ ಓದ್ಬೇಕು.

ಲಾಡ್ಜರ್ ಬಂದಿದ್ದನ್ನ ಮುಚ್ಚಿಡೋದಂತೂ ಬೇಡವೇ ಬೇಡ. ಒಂಟಿ ಹೆಂಗಸಿನ ಮನೇಲಿ ಗಂಡಸು ಕಂಡ್ರೆ, ಇಬ್ಬರೂ ಸಂಸಾರ ಮಾಡ್ತಿದ್ದಾರೆ ಅಂತ ಯಾರಾದ್ರೂ ಹೆಸರು ಹೇಳದೆ ದೂರು ಕೊಡಬಹುದು. ಜೋಡಿ ಅಂತ ತೀರ್ಮಾನ ಆದ್ರೆ ಇಬ್ಬರ ಆದಾಯವನ್ನೂ ಕೂಡಿಸಿ ಲೆಕ್ಕ ಹಾಕ್ತಾರೆ. ಹಾಗಾಗಿ ನಮ್ಮಲ್ಲಿ ಬರಹದ ಒಪ್ಪಂದ ಇದೆ, ಬಾಡಿಗೆ ಬ್ಯಾಂಕ್ ಮೂಲಕ, ಫ್ರಿಜ್ಜಲ್ಲಿ ನನ್ನ ಶೆಲ್ಫ್ ಬೇರೆ. ನಾನು ಬಂದ ವಾರವೇ ಲ್ಯಾಂಡ್‌ಲೇಡಿ ಯೂನಿವರ್ಸಲ್ ಕ್ರೆಡಿಟ್‌ನ ಆನ್‌ಲೈನ್ ಜರ್ನಲ್‌ನಲ್ಲಿ ಬರೆದು ತಿಳಿಸಿದ್ರು. ಬಾಡಿಗೆ ದುಡ್ಡು ಕೂಡಿಟ್ರೆ ಅದು ಉಳಿತಾಯದ ಲೆಕ್ಕಕ್ಕೆ ಬರುತ್ತೆ ಅನ್ನೋದೂ ನೆನಪಿರ್ಲಿ: 6,000 ಪೌಂಡ್ ದಾಟಿದ್ರೆ ನೆರವು ಕರಗೋಕೆ ಶುರು, 16,000 ದಾಟಿದ್ರೆ ಯೂನಿವರ್ಸಲ್ ಕ್ರೆಡಿಟ್ಟೇ ಇಲ್ಲ.

ನಮ್ಮ ವೀಸಾ ಮೇಲೆ ಸರ್ಕಾರಿ ನೆರವು ಪಡೆಯೋ ಹಾಗಿಲ್ಲ ಅಂತ ಷರತ್ತು ಇರುತ್ತಲ್ಲ, ಅದಕ್ಕೆ ಹೆದರಬೇಡಿ. ನೆರವು ಪಡೀತಿರೋದು ಅವರು, ನಾವು ಬಾಡಿಗೆ ಕೊಡ್ತಿದ್ದೀವಿ ಅಷ್ಟೇ. ಇಂಗ್ಲೆಂಡಲ್ಲಿ ರೈಟ್ ಟು ರೆಂಟ್ ಪರಿಶೀಲನೆ, ಅಂದ್ರೆ ಇಲ್ಲಿ ಬಾಡಿಗೆಗೆ ಇರೋ ಹಕ್ಕು ನಮಗಿದೆಯಾ ಅಂತ ನೋಡೋದು, ಮಾತ್ರ ತಪ್ಪಲ್ಲ, ಲಾಡ್ಜರ್ ಇಟ್ಕೊಳ್ಳೋರಿಗೂ ಅದು ಕಡ್ಡಾಯ. ಮಾಡದೆ ಸಿಕ್ಕಿಬಿದ್ರೆ ಇಟ್ಕೊಂಡೋರಿಗೆ ಮೊದಲ ಸಲಕ್ಕೇ ತಲಾ ಒಬ್ಬ ಲಾಡ್ಜರ್ ಲೆಕ್ಕಕ್ಕೆ 5,000 ಪೌಂಡ್ ತನಕ ದಂಡ. ಹಾಗೇ, ಲಾಡ್ಜರ್‌ಗೆ ಭದ್ರತೆ ಕಡಿಮೆ. ಕೋರ್ಟಿಗೆ ಹೋಗದೇ, ಒಂದಿಷ್ಟು ದಿನದ ನೋಟಿಸ್ ಕೊಟ್ಟು ಮನೆ ಬಿಡಿಸಬಹುದು.

ನನ್ನ ಕೋರ್ಸ್ ಮುಗೀತಾ ಬಂತು, ಕೆಲಸ ಬೇರೆ ಊರಲ್ಲಿ. ಲ್ಯಾಂಡ್‌ಲೇಡಿ ಇನ್ನೊಬ್ಬ ಸ್ಟೂಡೆಂಟ್ ಬೇಕು ಅಂದಿದ್ದಾರೆ, ಕೌನ್ಸಿಲ್ ಟ್ಯಾಕ್ಸ್ ಕಾರಣಕ್ಕೇ. ಕ್ಲಿಫ್ಟನ್ ಕ್ಯಾಂಪಸ್‌ಗೆ ಬರ್ತಿರೋರು ಇದ್ರೆ ಯೂನಿವರ್ಸಿಟಿ ಸರ್ಟಿಫಿಕೇಟು, ವೀಸಾದ ಶೇರ್ ಕೋಡು (ನಮ್ಮ ವೀಸಾ ವಿವರ ಬೇರೆಯವರು ಆನ್‌ಲೈನಲ್ಲಿ ನೋಡೋಕೆ ಕೊಡೋ ಕೋಡು) ಸಿದ್ಧ ಇಟ್ಕೊಂಡು ನನಗೆ ಮೆಸೇಜ್ ಮಾಡಿ. ಊಟ ಸೇರಿಲ್ಲ, ಒಗ್ಗರಣೆ ಹಾಕೋವಾಗ ಹಿತ್ತಲ ಬಾಗಿಲು ತೆಗೀಬೇಕು.