ಹಾಟ್ ಟಬ್‌ನಲ್ಲಿ ನೊರೆ ಎದ್ದಾಗ

ಕೇಳುಗರಿಗೆ ನಮಸ್ಕಾರ.

ಬಚ್ಚಲಲ್ಲಿ ಹಂಡೆ ನೀರು ಸುರಿದುಕೊಂಡರೆ ಅದು ಮೋರಿಗೆ ಹೋಯಿತು, ಮುಗಿಯಿತು. ಅಮೆರಿಕದಲ್ಲಿ ನಮ್ಮ ಮನೆಯ ಹಿತ್ತಲಿನ ಹಾಟ್ ಟಬ್, ಅಂದರೆ ಎಲ್ಲರೂ ಕೂತು ಮೈ ನೆನೆಸುವ ಬಿಸಿನೀರಿನ ತೊಟ್ಟಿ, ಹಾಗಲ್ಲ. ಒಮ್ಮೆ ತುಂಬಿಸಿದ ನೀರು ಮೂರು ತಿಂಗಳು ಅಲ್ಲೇ ಇರುತ್ತದೆ. ಮೈಯಿಂದ ಇಳಿದದ್ದೆಲ್ಲ ಅದರಲ್ಲೇ ಉಳಿಯುತ್ತದೆ.

ಕಳೆದ ದೀಪಾವಳಿಗೆ ಮಕ್ಕಳಿಗೆ ಎಣ್ಣೆ ಹಚ್ಚಿ, ಸೀಗೆಕಾಯಿ ಹಾಕಿ ತಲೆ ತಿಕ್ಕಿದ್ದೆ. ಸಂಜೆ ಎಲ್ಲರೂ ಟಬ್‌ಗೆ ಇಳಿದರು. ನೀರು ಚಿಮ್ಮಿಸುವ ಜೆಟ್ ಹಾಕಿದ್ದೇ ತಡ, ಹಾಲು ಉಕ್ಕಿದ ಹಾಗೆ ನೊರೆ ಎದ್ದಿತು. ಅಂಗೈಯಲ್ಲಿ ತೆಗೆದು ನೋಡಿದೆ. ಬೂದು ಬಣ್ಣ, ಬೆರಳ ಸಂದಿಯಲ್ಲೆಲ್ಲ ಜಿಡ್ಡು.

ಸೀಗೆಕಾಯಿಯಲ್ಲೇ ನೊರೆ ಬರಿಸುವ ಸಪೋನಿನ್ ಇದೆ. ಶಾಂಪೂ, ಲೋಷನ್ ಕೂಡ ಅದೇ ಕೆಲಸ ಮಾಡುತ್ತವೆ. ನಮ್ಮ ಕಣ್ಣಿಗೆ ಬೀಳದೆ ಇರುವುದು ಈಜುಡುಗೆಯಲ್ಲಿ ಉಳಿದ ಡಿಟರ್ಜೆಂಟ್. ಜೆಟ್ ಇವಕ್ಕೆಲ್ಲ ಗಾಳಿ ಬೆರೆಸುತ್ತದೆ. ನೀರು ತೀರಾ ಮೆದುವಾಗಿದ್ದರೂ ನೊರೆ ಜಾಸ್ತಿ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಸೋಪು ನೊರೆಯೇ ಬರಲ್ಲ ಅಲ್ವಾ, ಇದು ಅದರ ತಿರುವುಮುರುವು.

ನೊರೆ ಇಳಿಸುವ ದ್ರಾವಣ ಅಂಗಡಿಯಲ್ಲಿ ಸಿಗುತ್ತದೆ. ಸ್ವಲ್ಪ ಹಾಕಿದರೆ ನೊರೆ ಕೂಡಲೇ ಮಾಯ. ಆದರೆ ಸೋಪು, ಎಣ್ಣೆ ನೀರಲ್ಲೇ ಇರುತ್ತವೆ. ಅವು ನೀರಿನ ಕ್ರಿಮಿ ಕೊಲ್ಲುವ ಕ್ಲೋರಿನ್ನನ್ನು ತಿಂದುಹಾಕುತ್ತವೆ, ನನಗೆ ಭಯ ಅದೇ. 40 ಡಿಗ್ರಿ ಬಿಸಿಯಲ್ಲಿ ಕ್ಲೋರಿನ್ ಮೊದಲೇ ಬೇಗ ಖರ್ಚಾಗುತ್ತದೆ. ಅದು ಕಡಿಮೆಯಾದರೆ ಚರ್ಮದ ಮೇಲೆ ಗುಳ್ಳೆ ಏಳಿಸುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶ್ವಾಸಕೋಶಕ್ಕೆ ಸೋಂಕು ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಕೂಡ. ಹಾಗಾಗಿ ಪರೀಕ್ಷಾ ಪಟ್ಟಿ ಅದ್ದಿ ನೋಡದೆ ಮಕ್ಕಳನ್ನು ಇಳಿಸಬೇಡಿ. ಕ್ಲೋರಿನ್ ಕನಿಷ್ಠ 3 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ನೀರಿಗೆ 3 ಭಾಗ ಇರಬೇಕು. ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 7.0ರಿಂದ 7.8ರ ಒಳಗೆ.

ಆ ರಾತ್ರಿ ಫಿಲ್ಟರ್ ತೆಗೆದು ಪೈಪಿನ ನೀರಲ್ಲಿ ಮಡಿಕೆ ಮಡಿಕೆ ಬಿಡಿಸಿ ತೊಳೆದೆ. ನೀರಿನ ಕೊಳೆ ಸುಡುವ ಶಾಕ್ ಪುಡಿ ಹಾಕಿ, ಮುಚ್ಚಳ ತೆಗೆದಿಟ್ಟು ಜೆಟ್ ಓಡಿಸಿದೆ. ಮಾರನೇ ದಿನ ಒಂದು ಬಾಟಲಿಯಲ್ಲಿ ಟಬ್ಬಿನ ನೀರು ಹಿಡಿದು ಕುಲುಕಿದೆ. ನೊರೆ ಇಳಿಯಲೇ ಇಲ್ಲ. ಇನ್ನು ಮದ್ದು ಸುರಿಯುವುದು ಸುಮ್ನೆ ದುಡ್ಡು ದಂಡ ಅನ್ನಿಸಿತು. ಕೊಳವೆ ತೊಳೆಯುವ ದ್ರಾವಣ ಹಾಕಿ ಜೆಟ್ ಓಡಿಸಿದಾಗ ಒಳಗಿನಿಂದ ಕಂದು ಲೋಳೆ ಚೂರುಚೂರಾಗಿ ತೇಲಿ ಬಂತು. ಪೂರ್ತಿ ನೀರು ಖಾಲಿ ಮಾಡಿ, ಟಬ್ ಒರೆಸಿ, ಹೊಸದಾಗಿ ತುಂಬಿಸಿದೆ.

ಈಗ ಟಬ್‌ಗೆ ಇಳಿಯುವ ಮುಂಚೆ ಎಲ್ಲರೂ ಬಚ್ಚಲಿಗೆ ಹೋಗಿ ಮೈತೊಳೆದು ಬರುತ್ತಾರೆ. ಈಜುಡುಗೆಗೆ ಬರೀ ನೀರು, ಸೋಪಿಲ್ಲ. ಎಣ್ಣೆಸ್ನಾನದ ದಿನ ಟಬ್ಬಿನ ಮುಚ್ಚಳ ತೆಗೆಯುವುದೇ ಇಲ್ಲ.