ರಂಗೋಲಿ ಪುಸ್ತಕದಲ್ಲಿದೆ ಕಸೂತಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಸೂತಿ ಕಲಿಯಲು ಬರುವವರು ಮೊದಮೊದಲು ಹೊಲಿಗೆ ಬಗ್ಗೆ ಕೇಳುತ್ತಾರೆ. ಸೂಜಿ ಹೇಗೆ ಹಿಡಿಯಬೇಕು, ದಾರ ಎಷ್ಟು ಎಳೆ ಇರಬೇಕು, ಇಂಥವು. ಎರಡು ಮೂರು ಹೊಲಿಗೆ ಕೈಗೆ ಹತ್ತಿತು ಅಂದರೆ ಎಲ್ಲರದೂ ಒಂದೇ ಪ್ರಶ್ನೆ. "ಮೇಡಂ, ಡಿಸೈನ್ ಎಲ್ಲಿಂದ ತರೋದು?" ಜೊತೆಗೇ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸುತ್ತಾರೆ. ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ಅದೇ ಗುಲಾಬಿ, ಅದೇ ಚಿಟ್ಟೆ ಆಗಲೇ ಊರಿನ ಅರ್ಧ ದಿಂಬಿನ ಕವರುಗಳ ಮೇಲೆ ಕೂತಿರುತ್ತದೆ. ಟ್ರೇಸ್ ಮಾಡಿ ದಾರ ತುಂಬಿದರೆ ಕೈ ಪಳಗುತ್ತದೆ, ನಿಜ. ನಮ್ಮದು ಅನ್ನುವಂಥದ್ದು ಮಾತ್ರ ಹುಟ್ಟುವುದಿಲ್ಲ.

ಅವರಿಗೆ ನಾನು ಹೇಳುವುದು ಇಷ್ಟು: ಮನೆಯಲ್ಲಿರುವ ಹಳೇ ರಂಗೋಲಿ ಪುಸ್ತಕ ತನ್ನಿ. ಮೈಸೂರು, ಮಂಡ್ಯ ಕಡೆಯ ಎಷ್ಟೋ ಮನೆಗಳಲ್ಲಿ ಅಂಥದ್ದೊಂದು ಸಿಗುತ್ತದೆ. ಅಮ್ಮನದೋ, ಅತ್ತೆಯದೋ, ಅರ್ಧ ಬರೆದು ಬಿಟ್ಟ ಶಾಲೆಯ ನೋಟ್‌ಬುಕ್ಕು. ಪುಟದ ಅಂಚಿನಲ್ಲಿ ಎಣ್ಣೆ ಬೆರಳಿನ ಗುರುತು. ಚಿತ್ರದ ಕೆಳಗೆ ಪೆನ್ಸಿಲ್ಲಿನಲ್ಲಿ "11 ಚುಕ್ಕಿ, 6ರವರೆಗೆ, ಸಂದು ಚುಕ್ಕಿ" ಅಂತ ಬರೆದಿರುತ್ತಾರೆ. ಆ ಒಂದು ಸಾಲಿನಲ್ಲಿ ಬಟ್ಟೆ ಕೆಲಸಕ್ಕೆ ಬೇಕಾದ ಲೆಕ್ಕವೆಲ್ಲ ಇದೆ.

ಮೊದಲು ನೇರ ಚುಕ್ಕಿ ನೋಡೋಣ. ಒಂದರ ಕೆಳಗೆ ಒಂದು ಚುಕ್ಕಿ, ಗ್ರಾಫ್ ಹಾಳೆಯ ಹಾಗೆ. 7 ಸಾಲು, ಸಾಲಿಗೆ 7 ಚುಕ್ಕಿ ಅಂದುಕೊಳ್ಳಿ. ಎಳೆ ಎಣಿಸಲು ಬರುವಂಥ ಮ್ಯಾಟಿ ಬಟ್ಟೆಯ ಮೇಲೆ ಚುಕ್ಕಿಯಿಂದ ಚುಕ್ಕಿಗೆ 4 ಎಳೆ ಬಿಟ್ಟರೆ, 6 ಸಂದಿಗೆ 24 ಎಳೆ. ಬಟ್ಟೆ ಮೇಲೆ ಗೀಟು ಎಳೆಯುವುದೇ ಬೇಡ, ಎಳೆ ಎಣಿಸಿದರೆ ಸಾಕು. ಧಾರವಾಡ ಕಡೆಯ ಕಸೂತಿಯೂ ಹೀಗೆ ಎಣಿಸಿ ಹಾಕುವ ಕೆಲಸವೇ. ಅದರ ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತಾ ಹೋಗುತ್ತಾರೆ, ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರುತ್ತಾರೆ. ಗಂಟು ಹಾಕುವುದಿಲ್ಲ. ಬಟ್ಟೆಯ ಮುಂದೆಯೂ ಹಿಂದೆಯೂ ಒಂದೇ ಚಿತ್ರ. ರಂಗೋಲಿಯ ನೇರ ಗೆರೆಗಳು ಈ ಹೊಲಿಗೆಗೆ ಹೇಳಿ ಮಾಡಿಸಿದ ಹಾಗಿರುತ್ತವೆ.

ಎಳೆ ರಂಗೋಲಿ ತೆಗೆದುಕೊಂಡರೆ ಕಥೆ ಬೇರೆ. ಅಲ್ಲಿ ಗೆರೆ ಚುಕ್ಕಿಯನ್ನು ಸುತ್ತಿ ಬಳುಕುತ್ತದೆ. ಗವಂತಿಗೆ ಬಳುಕುವುದು ಬರುವುದಿಲ್ಲ. ಈಗ ಏನು ಮಾಡುತ್ತೀರಿ? ಬಳುಕನ್ನು ಓರೆ ಗೆರೆ ಮಾಡಬಹುದು. ಅಥವಾ ಗವಂತಿ ಬಿಟ್ಟು ಸರಪಳಿ ಹೊಲಿಗೆಗೆ ಹೋಗಬಹುದು. ನಡುವಿನ ನಾಲ್ಕು ಸುತ್ತು ಉಳಿಸಿಕೊಂಡು ಮಿಕ್ಕಿದ್ದು ಬಿಡಬಹುದು. ಗಮನಿಸಿ, ನಿಮ್ಮದೇ ಡಿಸೈನ್ ಶುರುವಾಗುವುದು ಇಲ್ಲೇ. ನೆಲದ ಮೇಲಿದ್ದದ್ದು ಬಟ್ಟೆಗೆ ಬರುವಾಗ ಒಂದು ಕಡೆ ಒಪ್ಪುವುದಿಲ್ಲ. ಅದನ್ನು ನೀವು ಹೇಗೆ ಸರಿಮಾಡಿದಿರೋ ಅದು ನಿಮ್ಮದು. ಸುಮ್ನೆ ಕೂತು ಐಡಿಯಾ ಬರಲಿ ಅಂತ ಕಾದರೆ ಬರುವುದಿಲ್ಲ. ಕೈಯಲ್ಲಿ ಸೂಜಿ ಇದ್ದಾಗ, ಒಂದು ತೊಡಕು ಎದುರಾದಾಗ ಬರುತ್ತದೆ. ಇದನ್ನು ನಾನು ಪೂರ್ತಿ ನಂಬಿದ್ದೇನೆ.

ಇನ್ನು ಸಂದು ಚುಕ್ಕಿ. ಇಲ್ಲಿ ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುತ್ತದೆ. ನಡುವಿನ ಸಾಲಿಗೆ 7, ಮೇಲೂ ಕೆಳಗೂ ಒಂದೊಂದು ಕಡಿಮೆ ಮಾಡುತ್ತಾ 4ರವರೆಗೆ ಇಟ್ಟರೆ ಒಟ್ಟು 37 ಚುಕ್ಕಿ. ಪಕ್ಕಪಕ್ಕದ ಚುಕ್ಕಿಗಳನ್ನೆಲ್ಲ ಸೇರಿಸಿ ನೋಡಿ, ಆರು ಮೂಲೆಯ ಒಂದು ಆಕಾರದೊಳಗೆ 54 ತ್ರಿಕೋನಗಳು ಸಿಗುತ್ತವೆ. ಚಿಂದಿ ಬಟ್ಟೆ ಜೋಡಿಸುವವರಿಗೆ ಇದಕ್ಕಿಂತ ಒಳ್ಳೆ ನಕ್ಷೆ ಬೇಕಾ? ಹಳೇ ಮದುವೆ ಪತ್ರಿಕೆಗಳನ್ನು ತ್ರಿಕೋನವಾಗಿ ಕತ್ತರಿಸಿ. ಒಂದೊಂದಕ್ಕೂ ಬಟ್ಟೆ ಮಡಿಸಿ ಕಚ್ಚಾ ಹೊಲಿಗೆ ಹಾಕಿ. ಅಂಚಿಗೆ ಅಂಚು ಜೋಡಿಸಿ ಹೊಲಿಯಿರಿ. ಎಲ್ಲ ಸೇರಿದ ಮೇಲೆ ಕಾಗದ ಎಳೆದು ತೆಗೆಯಿರಿ. ಮೂಲೆಗಳು ಸ್ವಲ್ಪವೂ ಓರೆಯಾಗುವುದಿಲ್ಲ.

ಎಣಿಸಿ ನೋಡುವ ಅಭ್ಯಾಸ ಆಯಿತು ಅಂದರೆ ಮನೆಯಿಂದ ಹೊರಗೂ ಕಣ್ಣು ಹಾಗೇ ಓಡುತ್ತದೆ. ಸೋಮನಾಥಪುರಕ್ಕೆ ನೀವೆಲ್ಲ ಹೋಗಿರುತ್ತೀರಿ. ಹದಿಮೂರನೇ ಶತಮಾನದ ಕೇಶವ ದೇವಸ್ಥಾನ. ಮುಂದಿನ ಸಲ ಒಂದು ಪೆನ್ಸಿಲ್ ಇಟ್ಟುಕೊಂಡು ಹೋಗಿ. ಗೋಡೆಯ ಕೆಳಗಡೆ ಆನೆ ಸಾಲು, ಕುದುರೆ ಸಾಲು, ಅದರ ಮೇಲೆ ಬಳ್ಳಿ. ಆ ಬಳ್ಳಿ ಒಮ್ಮೆ ಮೇಲಕ್ಕೆ ಸುರುಳಿ, ಒಮ್ಮೆ ಕೆಳಕ್ಕೆ ಸುರುಳಿ. ಅದರ ಒಂದೇ ಒಂದು ತಿರುವು ಬರೆದುಕೊಳ್ಳಿ, ಸೀರೆಯ ಅಂಚಿಗೆ ಅಷ್ಟು ಸಾಕು. ಆಮೇಲೆ ಸುತ್ತ ನಡೆದು ಗರ್ಭಗುಡಿಗಳ ಹೊರಗೋಡೆಯ ಮೂಲೆಗಳನ್ನು ನೋಡಿ. ಹೊಯ್ಸಳರು ಕಟ್ಟಿದ ಈ ನಕ್ಷತ್ರದಾಕಾರದ ಹಿಂದಿರುವುದು ಚೌಕವನ್ನು ತಿರುಗಿಸುವ ಲೆಕ್ಕ. ಒಂದೇ ಅಳತೆಯ ಎರಡು ಚೌಕ ಕತ್ತರಿಸಿ, ಮೇಲಿನದರ ಮೂಲೆ ಕೆಳಗಿನದರ ಅಂಚಿನ ನಡುವಿಗೆ ಬರುವ ಹಾಗೆ ತಿರುಗಿಸಿ ಇಡಿ, ಎಂಟು ಮೂಲೆ ಬರುತ್ತದೆ. ಇನ್ನೆರಡು ಚೌಕ ನಡುನಡುವೆ ಸೇರಿಸಿದರೆ ಹದಿನಾರು. ನಾಲ್ಕು ಬಣ್ಣದ ಬಟ್ಟೆಯಲ್ಲಿ ಇದನ್ನು ಮಾಡಿ ದಿಂಬಿಗೆ ಹೊಲಿದರೆ ಯಾರೂ ಎರಡನೇ ಸಲ ನೋಡದೆ ಹೋಗುವುದಿಲ್ಲ.

ಮೈಸೂರು ಅರಮನೆಯ ಕಲ್ಯಾಣ ಮಂಟಪದ ಬಣ್ಣದ ಗಾಜಿನ ನವಿಲುಗಳೂ ಹಾಗೆಯೇ. ಬಣ್ಣಕ್ಕೂ ಬಣ್ಣಕ್ಕೂ ನಡುವೆ ಕಪ್ಪು ಗೆರೆ ಇರುತ್ತದಲ್ಲ, ಅದನ್ನು ಕಪ್ಪು ದಾರದ ಸರಪಳಿ ಮಾಡಿ. ಗಾಜಿನ ಜಾಗಕ್ಕೆ ಬಟ್ಟೆ ತುಂಡು.

ಬಣ್ಣದ ವಿಷಯಕ್ಕೆ ಬಂದರೆ ನನಗೆ ಮೈಸೂರಿನ ದೇವರಾಜ ಮಾರುಕಟ್ಟೆಯೇ ಪಾಠಶಾಲೆ. ಕುಂಕುಮ ಅರಿಶಿನದ ರಾಶಿ ಎಲ್ಲರ ಕಣ್ಣಿಗೂ ಬೀಳುತ್ತದೆ. ನೀವು ಹೂವು ಕಟ್ಟುವವರ ಮುಂದೆ ಒಂದೈದು ನಿಮಿಷ ನಿಲ್ಲಿ. ಒಂದು ಮೊಳ ಮಲ್ಲಿಗೆ. ಮಧ್ಯೆ ಅಲ್ಲಲ್ಲಿ ಕನಕಾಂಬರ, ಅದರ ಪಕ್ಕ ಒಂದು ಚೂರು ಮರುಗ. ಬಿಳಿ ಜಾಸ್ತಿ, ಕಿತ್ತಳೆ ಕಡಿಮೆ, ಹಸಿರು ಇನ್ನೂ ಕಡಿಮೆ. ಅದಕ್ಕೇ ಆ ಕಿತ್ತಳೆ ಅಷ್ಟು ಎದ್ದು ಕಾಣುವುದು. ಅದೇ ಅಳತೆಯಲ್ಲಿ ಬಟ್ಟೆ ಆರಿಸಿ ನೋಡಿ. ಮೂರು ಬಣ್ಣವನ್ನೂ ಸಮಸಮ ಹಾಕಿದರೆ ಒಂದೂ ಕಾಣುವುದಿಲ್ಲ.

ಮಂಡ್ಯ ಕಡೆಯವರು ಮೇಲುಕೋಟೆಯ ನರಸಿಂಹಸ್ವಾಮಿ ಬೆಟ್ಟದ ಮೇಲಿಂದ ಕಲ್ಯಾಣಿ ನೋಡಿರುತ್ತೀರಿ. ಮೆಟ್ಟಿಲುಗಳು ಹೊರಗಿನಿಂದ ಒಳಕ್ಕೆ, ಮೂಲೆಯಲ್ಲಿ ತಿರುಗುತ್ತಾ ನೀರಿಗೆ ಇಳಿಯುತ್ತವೆ. ಕೌದಿ, ಅಂದರೆ ಹಳೇ ಬಟ್ಟೆ ತುಂಡು ಜೋಡಿಸಿದ ಹೊದಿಕೆ, ಹೊಲಿಯುವುದೂ ಅದೇ ದಾರಿಯಲ್ಲಿ. ಅಂಚಿನಿಂದ ಶುರು, ಮೂಲೆ ಬಂದಾಗ ತಿರುಗು, ಸುತ್ತುತ್ತಾ ನಡುವಿಗೆ ಬಾ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೀಗೇ ಹೊಲಿದು, ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಮಡಿಸಿ ಪುಟ್ಟ ತ್ರಿಕೋನದ ಹೂವು ಇಡುತ್ತಾರೆ. ಹೂವಿಲ್ಲದಿದ್ದರೆ ಅವರ ಪಾಲಿಗೆ ಕೌದಿ ಮುಗಿದಿಲ್ಲ.

ಕೌದಿಗೆ ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಯೇ ಒಳ್ಳೆಯದು. ಮೈಸೂರು ಸಿಲ್ಕ್ ಇನ್ನೂ ಉಡುವ ಹಾಗಿದ್ದರೆ ದಯವಿಟ್ಟು ಕತ್ತರಿ ಹಾಕಬೇಡಿ. ಮಡಿಕೆಯಲ್ಲೇ ಸೀಳಿಹೋಗಿದ್ದರೆ ಜರಿ ಅಂಚನ್ನು ಮಾತ್ರ ಬಿಡಿಸಿ, ಗಟ್ಟಿ ಹತ್ತಿ ಬಟ್ಟೆಯ ಮೇಲಿಟ್ಟು ಹೊಲಿಯಿರಿ. ಇನ್ನೊಂದು ಮಾತು. ಹೊಲಿಯುವ ಮುಂಚೆ ಒದ್ದೆ ಬಿಳಿ ಬಟ್ಟೆಯಿಂದ ಒಂದೊಂದು ತುಂಡನ್ನೂ ಉಜ್ಜಿ ನೋಡಿ, ಕೆಂಪು ಮತ್ತು ಕಡುನೀಲಿಯನ್ನಂತೂ ಬಿಡಬೇಡಿ. ಬಣ್ಣ ಬಿಡುವುದನ್ನು ಕೌದಿಗೆ ಸೇರಿಸುವುದು ಬೇಡ. ಅದನ್ನು ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಎತ್ತಿಡಿ, ಅಲ್ಲಿ ಒಗೆಯುವ ಗೋಜಿಲ್ಲ.

ನಮಸ್ಕಾರ.