ಹಿರಿಯರ ಮಧ್ಯಾಹ್ನದ ಊಟ ಮತ್ತು ಪಂಚಾಯಿತಿಯ ದುಡ್ಡು

ಕೇಳುಗರಿಗೆ ನಮಸ್ಕಾರ.

ನರಸಾಪುರ, ವೇಮಗಲ್, ಮಾಲೂರು ಕಡೆಯ ಕಾರ್ಖಾನೆ ಬಸ್ಸುಗಳು ಬೆಳಗಾಗುತ್ತಲೇ ಹಳ್ಳಿಗೆ ಬಂದು ಹೋಗುತ್ತವೆ. ಬಂಗಾರಪೇಟೆಯಲ್ಲಿ ರೈಲು ಹಿಡಿಯುವವರು ಅದಕ್ಕೂ ಮುಂಚೆ ಮನೆ ಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಊರಲ್ಲಿ ಉಳಿಯುವುದು ವಯಸ್ಸಾದವರೇ. ರಾತ್ರಿ ಉಳಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಸಂಜೆಯವರೆಗೆ ಇರುವ ಅಜ್ಜಿಯರು ಕೋಲಾರ ಸೀಮೆಯ ಯಾವ ಹಳ್ಳಿಗೆ ಹೋದರೂ ಸಿಗುತ್ತಾರೆ. ಅವರಿಗೆ ಪಿಂಚಣಿ ಬರುತ್ತದೆ, ಪಡಿತರ ಅಕ್ಕಿ ಬರುತ್ತದೆ, ಬೇಯಿಸಿ ಬಡಿಸುವ ಕೈ ಇಲ್ಲ. ಆ ಕೆಲಸವನ್ನು ಗ್ರಾಮ ಪಂಚಾಯಿತಿ ಮಾಡಬಹುದು. ಸಂವಿಧಾನದ 11ನೇ ಅನುಸೂಚಿ ಪಂಚಾಯಿತಿಗಳಿಗೆ ಹೇಳಿರುವ 29 ವಿಷಯಗಳಲ್ಲಿ ಸಮಾಜ ಕಲ್ಯಾಣವೂ ಒಂದು. ಕೇರಳದ ಪಂಚಾಯಿತಿಗಳು ಹಿರಿಯರು ಹಗಲು ಹೊತ್ತು ಬಂದು ಇರಲೆಂದು ‘ಪಗಲ್ ವೀಡು’ ಎಂಬ ಹಗಲು ಮನೆಗಳನ್ನು ನಡೆಸುತ್ತಿವೆ.

ಪ್ರಶ್ನೆ ದುಡ್ಡಿನದು. ಕೇಂದ್ರದಿಂದ ಬರುವ ಹಣಕಾಸು ಆಯೋಗದ ಅನುದಾನ ಇದೆಯಲ್ಲ ಎಂದು ಸದಸ್ಯರು ಮೊದಲು ಹೇಳುತ್ತಾರೆ. 15ನೇ ಆಯೋಗದ ಅನುದಾನದಲ್ಲಿ ಶೇ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಟ್ಟದ್ದಾಗಿತ್ತು. ಉಳಿದ ಶೇ 40ರಲ್ಲಿ ಸಂಬಳ ಕೊಡುವಂತಿರಲಿಲ್ಲ. ಇಂಥ ಹಣ ಒಂದು ಸಲದ ಖರ್ಚಿಗೆ ಸರಿ. ದಿನಾ ಬೇಯುವ ಅನ್ನಕ್ಕೆ ಪಂಚಾಯಿತಿಯ ಸ್ವಂತ ಸಂಪನ್ಮೂಲವೇ, ಅಂದರೆ ಮನೆ ಕಂದಾಯವೇ ಆಧಾರ.

ಅಲ್ಲೇ ಲೆಕ್ಕ ತಪ್ಪುವುದು. ತೆರಿಗೆ ಬೇಡಿಕೆ, ಅಂದರೆ ವರ್ಷಕ್ಕೆ ಬರಬೇಕಾದ ಕಂದಾಯ, 12 ಲಕ್ಷ ಎಂದಿಟ್ಟುಕೊಳ್ಳಿ. ವಸೂಲಿ ಶೇ 60 ಆದರೆ ಕೈಗೆ ಬರುವುದು 7 ಲಕ್ಷದ 20 ಸಾವಿರ. ಪರಿಶಿಷ್ಟರಿಗೆ ಮೀಸಲಿಡುವ ಶೇ 25, ಅಂಗವಿಕಲರಿಗೆ ಶೇ 5 ತೆಗೆದಿಟ್ಟರೆ 5 ಲಕ್ಷದ 4 ಸಾವಿರ. ನೌಕರರ ವೇತನ, ಬೀದಿ ದೀಪ, ಮೋಟಾರು ರಿಪೇರಿ ಎಲ್ಲ ಅದರಲ್ಲೇ ಆಗಬೇಕು. ಬೇಡಿಕೆಯ ಅಂಕಿ ನೋಡಿ ಊಟದ ಬಜೆಟ್ ಬರೆದ ಪಂಚಾಯಿತಿ ಅರ್ಧ ವರ್ಷಕ್ಕೇ ಕೈಚೆಲ್ಲುತ್ತದೆ.

ಊಟವೊಂದಕ್ಕೆ ಸಾಮಗ್ರಿ, ಗ್ಯಾಸಿಗೆ 22 ರೂಪಾಯಿ, ಅಡುಗೆಯವರ ಗೌರವಧನಕ್ಕೆ 13 ರೂಪಾಯಿ, ಒಟ್ಟು 35 ಎಂದು ಅಂದಾಜು ಹಾಕೋಣ. 30 ಜನಕ್ಕೆ ತಿಂಗಳಿಗೆ 26 ದಿನ ಬಡಿಸಿದರೆ ವರ್ಷಕ್ಕೆ 3,27,600 ರೂಪಾಯಿ. ಮೇಲಿನ ಲೆಕ್ಕದ ಪಂಚಾಯಿತಿಗೆ ಇದು ಹೊರೆ. 15 ಜನಕ್ಕೆ 1,63,800. ಇಷ್ಟರಿಂದ ಶುರು ಮಾಡುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮೂವತ್ತು ಜನಕ್ಕೆ ಬಡಿಸಿ ನಾಲ್ಕನೇ ತಿಂಗಳಿಗೆ ಒಲೆ ಆರಿಸುವುದು ಹಿರಿಯರಿಗೆ ಮಾಡುವ ಅವಮಾನ.

ಇನ್ನೊಂದು ತೊಡಕು. ಕಂದಾಯ ಹೆಚ್ಚಾಗಿ ವಸೂಲಾಗುವುದು ಮಾರ್ಚಿ ಹತ್ತಿರ ಬಂದಾಗ. ಏಪ್ರಿಲ್‌ನಿಂದ ಜೂನ್‌ವರೆಗೆ ಖಾತೆ ಬರಿದು. ಆ ಮೂರು ತಿಂಗಳ 40,950 ರೂಪಾಯಿಯನ್ನು ಮಾರ್ಚಿಯಲ್ಲೇ ಬೇರೆ ಎತ್ತಿಡಬೇಕು. ‘ಇತರೆ ವೆಚ್ಚ’ ಎಂದು ಬರೆದರೆ ಆಡಿಟ್ ಆಕ್ಷೇಪಣೆ ತಪ್ಪಿದ್ದಲ್ಲ. ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಓದಿ ಒಪ್ಪಿಸಿ, ಕ್ರಿಯಾ ಯೋಜನೆಯಲ್ಲಿ ಸೇರಿಸಿ, ಸಾಮಾನ್ಯ ಸಭೆಯ ನಡಾವಳಿಯಲ್ಲಿ ಪ್ರತ್ಯೇಕ ಬಾಬತ್ತಾಗಿ ನಮೂದಿಸಿ. ಅಡುಗೆಯನ್ನು ಸಂಜೀವಿನಿ ಒಕ್ಕೂಟದ ಮಹಿಳಾ ಸ್ವಸಹಾಯ ಸಂಘವೊಂದಕ್ಕೆ ಒಪ್ಪಿಸಿ, ಹಣ ಸಂಘದ ಬ್ಯಾಂಕ್ ಖಾತೆಗೇ ಹೋಗಲಿ. ದಿನದ ಹಾಜರಿ ಪುಸ್ತಕಕ್ಕೆ ಸಹಿ ಅಥವಾ ಹೆಬ್ಬೆಟ್ಟು ಬೇಕೇ ಬೇಕು. ಬಿಲ್ಲು ಪಾಸಾಗುವುದು ಅದರ ಮೇಲೆ. ಅಕ್ಕಿಯನ್ನು ರಶೀದಿ ಪಡೆದು ಅಂಗಡಿಯಲ್ಲೇ ಕೊಳ್ಳಿ. ಪಡಿತರ ಅಕ್ಕಿ ಮನೆಗಳಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಕೊಂಡರೆ ಅದು ಅಪರಾಧ. ಸಿಲಿಂಡರೂ ಅಷ್ಟೆ, ಮನೆ ಬಳಕೆಯದು ಬೇಡ, 19 ಕಿಲೋದ ವಾಣಿಜ್ಯ ಸಿಲಿಂಡರ್ ತರಿಸಿ.

ಈಗ ಒಲೆಯ ಹತ್ತಿರ ಬರೋಣ. 15 ಜನಕ್ಕೆ ದಿನಕ್ಕೆ ರಾಗಿ ಹಿಟ್ಟು ಒಂದೂವರೆ ಕಿಲೋ, ಅಕ್ಕಿ 900 ಗ್ರಾಂ, ಬೇಳೆ ಅಥವಾ ಕಾಳು 450 ಗ್ರಾಂ, ಸೊಪ್ಪು ತರಕಾರಿ ಒಂದೂವರೆ ಕಿಲೋ, ಎಣ್ಣೆ 100 ಗ್ರಾಂ. ಹಲ್ಲಿಲ್ಲದವರಿಗೆ ಮುದ್ದೆಯಷ್ಟು ಸುಲಭದ ಊಟ ಬೇರೊಂದಿಲ್ಲ. ಆದರೆ ಹಿಟ್ಟಿಗೆ ಎರಡರಷ್ಟು ನೀರಿಟ್ಟು ಚೆನ್ನಾಗಿ ಬೇಯಿಸಬೇಕು; ಅರೆ ಬೆಂದ ಹಿಟ್ಟು ಗಂಟಲಿಗೆ ಅಂಟುತ್ತದೆ. ಹುರುಳಿ ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಿ. ಬಿಪಿ ಇರುವವರೇ ಹೆಚ್ಚು, ಸಾರಿಗೆ ಉಪ್ಪು ಕಮ್ಮಿ ಹಾಕಿ ಬೇಕಾದವರಿಗೆ ಎಲೆಯ ತುದಿಗೆ ಬಡಿಸಿ.

ನೀರಿನ ವಿಷಯದಲ್ಲಿ ಮಾತ್ರ ಉಡಾಫೆ ಸಲ್ಲದು. ನಮ್ಮ ಆಳದ ಬೋರ್‌ವೆಲ್‌ಗಳಲ್ಲಿ ಮೂಳೆ, ಕೀಲು ಕೆಡಿಸುವ ಫ್ಲೋರೈಡ್ ಇದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾರಿನಲ್ಲಿ ಗಟ್ಟಿಯಾಗುತ್ತದೆ. ಮೊದಲೇ ಮಂಡಿ ಹಿಡಿದುಕೊಂಡವರಿಗೆ ಅದೇ ನೀರಲ್ಲಿ ಬೇಯಿಸಿ ಹಾಕಬಾರದು. ಶುದ್ಧ ನೀರಿನ ಘಟಕದಿಂದ ದಿನಕ್ಕೆ 20 ಲೀಟರಿನ ಎರಡು ಕ್ಯಾನ್ ತಂದರೆ ಅಡುಗೆಗೂ ಕುಡಿಯಲಿಕ್ಕೂ ಸಾಕು.

ಹಾಸಿಗೆ ಹಿಡಿದವರ ಹೆಸರೂ ಪಟ್ಟಿಯಲ್ಲಿರಲಿ. ಅವರಿಗೆ ಡಬ್ಬಿ ಕಳಿಸುವಾಗ ಮುದ್ದೆ ಬೇಡ, ಆರಿದರೆ ಗಟ್ಟಿಯಾಗುತ್ತದೆ. ಮೆತ್ತಗಿನ ಅನ್ನ, ಬೇಳೆ ಸಾರು ಕಳಿಸಿ. ಖಾಲಿ ಡಬ್ಬಿ ಅಂದೇ ಸಂಜೆ ವಾಪಸ್ ತರುವವರು ಯಾರು ಎಂಬುದನ್ನೂ ಸಂಘದ ಪುಸ್ತಕದಲ್ಲಿ ಬರೆದಿಡಿ.

ನಮಸ್ಕಾರ.